ಎರಡೂ ಮುಕ್ಕಾಲು ವರ್ಷದ ಮಗನಿಗೆ ಮಾತು ಬಂದಿಲ್ಲ: ಶಾಲೆಯ ವಯಸ್ಸಿನವರೆಗೆ ಕಾಯಬೇಕೇ?

ಹೊಸನಗರದ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಎರಡು ವರ್ಷ ಒಂಬತ್ತು ತಿಂಗಳು. ಓಡುತ್ತಾನೆ, ಜಗಲಿಯ ಮೆಟ್ಟಿಲು ಹತ್ತಿ ಇಳಿಯುತ್ತಾನೆ, ಊಟಕ್ಕೆ ತಕರಾರಿಲ್ಲ. ಆದರೆ ಈವರೆಗೆ ‘ಅಮ್ಮ’ ಎಂದು ಒಮ್ಮೆಯೂ ಕರೆದಿಲ್ಲ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಮಾತ್ರ ತಟಕ್ಕನೆ ನೋಡುತ್ತಾನೆ. ಬೇಕಾದದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ನನ್ನ ಕೈಯನ್ನೇ ಹಿಡಿದೆಳೆದು ಬೆಲ್ಲದ ಡಬ್ಬಿಯ ಮೇಲೆ ಇಡುತ್ತಾನೆ.

ನಮ್ಮದು ತೋಟದ ನಡುವಿನ ಒಂಟಿಮನೆ. ಓರಗೆಯ ಮಕ್ಕಳು ಹತ್ತಿರದಲ್ಲಿಲ್ಲ. ‘ಗಂಡುಮಕ್ಕಳಿಗೆ ಮಾತು ತಡ, ಇವನ ಅಪ್ಪನೂ ನಾಲ್ಕು ತುಂಬಿದ ಮೇಲೆಯೇ ಮಾತಾಡಿದ್ದು’ ಎನ್ನುವುದು ಮಾವನವರ ಮಾತು. ಅತ್ತೆ ದಿನವೂ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ತೋರಿಸಿದ ವೈದ್ಯರೊಬ್ಬರು ‘ಶಾಲೆಗೆ ಹಾಕಿ, ನಾಲ್ಕು ಮಕ್ಕಳ ಜೊತೆ ಬೆರೆತರೆ ತಾನಾಗಿ ಸರಿಹೋಗುತ್ತದೆ’ ಎಂದು ಕಳುಹಿಸಿದರು. ವಿಶೇಷ ಶಿಕ್ಷಣವೆಲ್ಲ ಆರು ವರ್ಷವಾದ ಮೇಲೆಯೇ ಎಂದು ಕೇಳಿದ್ದೇನೆ. ಹಾಗಾದರೆ ಅಲ್ಲಿಯವರೆಗೆ ನಾವು ಸುಮ್ಮನೆ ಕಾಯಬೇಕೇ? ತಿಳಿದವರು ದಯವಿಟ್ಟು ಹೇಳಿ.

ವಿಶೇಷ ಶಿಕ್ಷಕಿ, ಸಾಗರ

ಅಮ್ಮಾ, ಕಾಯಬೇಡಿ. ಮೊದಲು ಕಿವಿಯ ಪರೀಕ್ಷೆ ಮಾಡಿಸಿ, ಉಳಿದದ್ದೆಲ್ಲ ಆಮೇಲೆ. ತಟ್ಟೆ ಬಿದ್ದರೆ ತಿರುಗುತ್ತಾನೆ ಎನ್ನುವುದರಿಂದ ಕಿವಿ ಸರಿಯಿದೆ ಎಂದು ತೀರ್ಮಾನಿಸಲು ಬರುವುದಿಲ್ಲ. ಗಣನೀಯವಾಗಿ ಕಿವಿ ಮಂದವಿರುವ ಮಗುವೂ ತಟ್ಟೆ, ಪಟಾಕಿ, ತಮಟೆಯಂತಹ ದೊಡ್ಡ ಸದ್ದಿಗೆ ಬೆಚ್ಚುತ್ತದೆ, ನೆಲದ ಕಂಪನಕ್ಕೂ ತಿರುಗುತ್ತದೆ. ಅದಕ್ಕೆ ಕೇಳಿಸದೆ ಹೋಗುವುದು ‘ಸ’, ‘ತ’, ‘ಕ’ಗಳಂತಹ ಮೆಲುದನಿಯ ಅಕ್ಷರಗಳು, ಅಂದರೆ ಮಾತು. ಇದಲ್ಲದೆ ನಮ್ಮ ಮಲೆನಾಡಿನ ಮಳೆಗಾಲದಲ್ಲಿ ನೆಗಡಿ ಹಿಡಿದು ಬಿಡದ ಮಕ್ಕಳಿಗೆ ಕಿವಿತಮಟೆಯ ಹಿಂದೆ ನೀರು ನಿಂತು ತಾತ್ಕಾಲಿಕವಾಗಿ ಕೇಳಿಸದಿರುವುದೂ ಉಂಟು, ಅದಕ್ಕೆ ಚಿಕಿತ್ಸೆ ಇದೆ. ಇನ್ನು, ಹೆಸರಿಗೆ ತಿರುಗದಿರುವುದು, ಬೆರಳು ಮಾಡಿ ತೋರಿಸದಿರುವುದು, ನಿಮ್ಮ ಕೈಯನ್ನೇ ಸಾಧನದಂತೆ ಬಳಸುವುದು, ಈ ಮೂರೂ ಆಟಿಸಂ, ಅಂದರೆ ಬೆರೆಯುವ ಮತ್ತು ಸಂವಹನ ಮಾಡುವ ಬೆಳವಣಿಗೆ ಬೇರೆ ರೀತಿಯಲ್ಲಿರುವ ಸ್ಥಿತಿ, ಇರುವ ಮಕ್ಕಳಲ್ಲಿಯೂ ಕಂಡುಬರುತ್ತವೆ. ಇದನ್ನು ಓದಿ ಗಾಬರಿಯಾಗಬೇಡಿ. ಬರಹ ಓದಿ ಹಣೆಪಟ್ಟಿ ಹಚ್ಚುವ ಕೆಲಸವನ್ನು ನಾನೂ ಮಾಡುವುದಿಲ್ಲ, ಇಲ್ಲಿ ಬೇರೆ ಯಾರೂ ಮಾಡಬಾರದು. ಕಿವಿಯ ಫಲಿತಾಂಶ ಕೈಯಲ್ಲಿಲ್ಲದೆ ಮುಂದಿನ ಯಾವ ಮಾತೂ ನಿಲ್ಲುವುದಿಲ್ಲ ಎಂಬುದಷ್ಟೇ ಸದ್ಯಕ್ಕೆ ಮುಖ್ಯ.

ನಿಮಗೆ ಶಿವಮೊಗ್ಗಕ್ಕಿಂತ ಸಾಗರ ಹತ್ತಿರ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸಾಗರದ ಉಪವಿಭಾಗೀಯ ಆಸ್ಪತ್ರೆಯಲ್ಲಿ ವಿಸ್ತರಣಾ ಸೇವೆಯನ್ನು ನಡೆಸಿಕೊಂಡು ಬಂದಿದೆ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ದಿನ ಕೇಳಿಕೊಳ್ಳಿ. ಹೋಗುವಾಗ ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ. ಅದರಲ್ಲಿ ಎಲ್ಲರೂ ನೋಡುವುದು ಲಸಿಕೆಯ ಪುಟವನ್ನು ಮಾತ್ರ. ಯಾವ ತಿಂಗಳಿಗೆ ಮಗು ಏನೇನು ಮಾಡಬೇಕು ಎಂಬ ಚಿತ್ರಗಳೂ ಅದೇ ಕಾರ್ಡಿನಲ್ಲಿವೆ. ನಿಮ್ಮ ಮಗ ಯಾವ ಚಿತ್ರದ ಹತ್ತಿರ ನಿಂತಿದ್ದಾನೆ ಎಂದು ಗುರುತು ಹಾಕಿಕೊಂಡು ಹೋದರೆ ವೈದ್ಯರ ಹತ್ತು ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿರುತ್ತದೆ.

ಬಜೆಯ ವಿಷಯ: ಅತ್ತೆಯವರ ಮನಸ್ಸು ನೋಯಿಸಬೇಡಿ, ಆದರೆ ಅದನ್ನೇ ಚಿಕಿತ್ಸೆ ಎಂದು ನಂಬಿ ದಿನ ಕಳೆಯಬೇಡಿ. ಇದನ್ನು ಓದುತ್ತಿರುವ ಬಾಣಂತಿಯರಿಗೆ ಒಂದು ಮಾತು, ವರ್ಷ ತುಂಬದ ಕೂಸಿಗೆ ಬಜೆಯನ್ನು ಜೇನುತುಪ್ಪದಲ್ಲಿ ತೇಯ್ದು ನೆಕ್ಕಿಸಬಾರದು. ಜೇನಿನಿಂದ ಅಷ್ಟು ಎಳೆಯ ಮಕ್ಕಳಿಗೆ ಅಪಾಯಕಾರಿ ಸೋಂಕು ತಗಲುವ ಸಾಧ್ಯತೆ ಇದೆ.

ಕಾನುಮನೆ

ಮೇಡಂ ಹೇಳಿದ ತಟ್ಟೆಯ ಕಥೆ ನಮ್ಮ ಮನೆಯದೇ. ನಮ್ಮ ಮಗಳು ಬೈಕಿನ ಸದ್ದಿಗೆ ಬಾಗಿಲಿಗೆ ಓಡಿ ಬರುತ್ತಿದ್ದಳು, ಆದ್ದರಿಂದ ನಾವು ನಿಶ್ಚಿಂತರಾಗಿದ್ದೆವು. ಎರಡೂ ಕಿವಿಗಳಲ್ಲಿ ತೀವ್ರ ದೋಷವಿದೆ ಎಂದು ತಿಳಿಯುವ ಹೊತ್ತಿಗೆ ಅವಳಿಗೆ ನಾಲ್ಕು ತುಂಬಲು ಎರಡು ತಿಂಗಳಿತ್ತು. ಮಗು ಹುಟ್ಟಿದ ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಸಾಧನ ಮತ್ತು ತರಬೇತಿ ಎಂಬುದು ಶ್ರವಣ ತಜ್ಞರು ಪಾಲಿಸುವ ಲೆಕ್ಕವೆಂದು ನಮಗೆ ಹೇಳಿದವರೇ ಇರಲಿಲ್ಲ. ಈಗ ಅವಳು ಊರಿನ ಶಾಲೆಯಲ್ಲಿ ಆರನೇ ತರಗತಿ. ಲೆಕ್ಕದಲ್ಲಿ ಜಾಣೆ. ಆದರೆ ‘ನಿನ್ನೆ’ ಮತ್ತು ‘ನಾಳೆ’, ‘ಕೊಟ್ಟ’ ಮತ್ತು ‘ಕೊಟ್ಟರೆ’ ಇವುಗಳ ನಡುವೆ ಇವತ್ತಿಗೂ ತಡವರಿಸುತ್ತಾಳೆ. ಉಳಿದ ಮಕ್ಕಳು ಮಡಿಲಲ್ಲಿ ಕುಳಿತು ಬಿಟ್ಟಿಯಾಗಿ ಕಲಿತದ್ದನ್ನು ಅವಳು ಮೇಜಿನ ಮುಂದೆ ಕುಳಿತು ಒಂದೊಂದಾಗಿ ಕಲಿಯಬೇಕಾಯಿತು.

ಹೊಸನಗರದ ಅಕ್ಕನಿಗೆ ಒಂದು ಕಿವಿಮಾತು. ಬೆರಾ ಎಂಬ ಕಿವಿಯ ಪರೀಕ್ಷೆ ಬರೆದುಕೊಟ್ಟರೆ ಮಗು ನಿದ್ರೆಯಲ್ಲಿರಬೇಕು, ತಲೆಗೆ ಸಣ್ಣ ತಂತಿಗಳನ್ನು ಅಂಟಿಸುತ್ತಾರೆ, ನೋವೇನಿಲ್ಲ. ನಾವು ಬಸ್ಸಿನ ತಿರುವುಗಳಲ್ಲಿ ಮಗಳು ಹಾಯಾಗಿ ನಿದ್ದೆ ಹೋದದ್ದನ್ನು ಕಂಡು ಸಂತೋಷಪಟ್ಟೆವು. ಪರೀಕ್ಷೆಯ ಕೋಣೆಯಲ್ಲಿ ಅವಳು ಕಣ್ಣು ಮುಚ್ಚಲೇ ಇಲ್ಲ, ಎರಡನೆಯ ಸಲ ಹೋಗಬೇಕಾಯಿತು. ದಾರಿಯುದ್ದಕ್ಕೂ ಎಚ್ಚರವಾಗಿಡಿ. ಶ್ರವಣ ಸಾಧನ ಬಂದ ಮೇಲೆ ನಮ್ಮ ಕಡೆಯ ದೊಡ್ಡ ಶತ್ರು ತೇವ. ರಾತ್ರಿ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬೇಕು. ನಾನು ಬುದ್ಧಿವಂತಿಕೆಯಿಂದ ಬಚ್ಚಲ ಒಲೆಯ ಹತ್ತಿರ ಒಣಗಲು ಇಟ್ಟು ಒಂದನ್ನು ಹಾಳು ಮಾಡಿಕೊಂಡಿದ್ದೇನೆ.

ಅಂಗನವಾಡಿ ಕಾರ್ಯಕರ್ತೆ

ಇಂತಹ ಮಕ್ಕಳನ್ನು ಅಂಗನವಾಡಿಗೆ ಕಳುಹಿಸಬಾರದು ಎಂದು ಅನೇಕ ಮನೆಗಳಲ್ಲಿ ತಪ್ಪು ತಿಳಿವಳಿಕೆ ಇದೆ. ದಯವಿಟ್ಟು ಕಳುಹಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ನಾವು ಆರ್‌ಬಿಎಸ್‌ಕೆ ಎನ್ನುವ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳ ತಪಾಸಣೆ ಮಾಡಬೇಕು. ಹುಟ್ಟಿನಿಂದ ಬಂದ ನ್ಯೂನತೆ, ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಎಂಬ ನಾಲ್ಕನ್ನೂ ಅವರು ನೋಡುತ್ತಾರೆ. ಸಂಶಯ ಬಂದ ಆರು ವರ್ಷದೊಳಗಿನ ಮಕ್ಕಳನ್ನು ಡಿಇಐಸಿ ಎಂದು ಕರೆಯುವ, ಎಳವೆಯಲ್ಲಿಯೇ ಚಿಕಿತ್ಸೆ ಮತ್ತು ತರಬೇತಿ ಆರಂಭಿಸುವ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಬರೆದುಕೊಡುತ್ತಾರೆ. ತಂಡ ಬಂದ ದಿನ ಮಗು ಮನೆಯಲ್ಲಿದ್ದರೆ ಅದರ ಹೆಸರು ಪಟ್ಟಿಗೆ ಸೇರುವುದೇ ಇಲ್ಲ. ವಿಕಲಚೇತನ ಮಕ್ಕಳಿಗಾಗಿಯೇ ಅಂಗನವಾಡಿಯ ಕಾರ್ಯವಿಧಾನವೊಂದನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಹೊರಡಿಸಿದೆ. ಬೇಗ ಗುರುತಿಸುವುದು, ಮಗುವನ್ನು ಎಲ್ಲರೊಂದಿಗೆ ಸೇರಿಸಿಕೊಳ್ಳುವುದು, ಆಶಾ ಮತ್ತು ಆರ್‌ಬಿಎಸ್‌ಕೆ ತಂಡದ ಮೂಲಕ ಮುಂದಕ್ಕೆ ಕಳುಹಿಸುವುದು ಅದರ ತಿರುಳು.

ಕಾಗದದ ಮಾತು ಇಷ್ಟು. ನಿಜ ಹೇಳುವುದಾದರೆ ರಿಜಿಸ್ಟರು, ಮೊಬೈಲ್ ಆ್ಯಪು, ಆಹಾರ, ತೂಕ ಎಂದು ನಮ್ಮ ಕೈ ತುಂಬಿರುತ್ತದೆ, ಮಾತು ಬಾರದ ಮಗುವಿನ ಜೊತೆ ಏನು ಮಾಡಬೇಕೆಂದು ನನಗೆ ಕಲಿಸಿದ್ದು ಒಬ್ಬ ತಾಯಿಯೇ ಹೊರತು ಯಾವ ತರಬೇತಿಯೂ ಅಲ್ಲ. ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗ ಪ್ರಾರ್ಥನೆ ಮುಗಿಯುವ ಮೊದಲೇ ಕಿವಿ ಮುಚ್ಚಿಕೊಂಡು ಗೋಡೆಯ ಕಡೆಗೆ ಓಡುತ್ತಿದ್ದ. ಅವನ ತಾಯಿ ನಾಲ್ಕು ಚಿತ್ರಗಳನ್ನು ರಟ್ಟಿಗೆ ಅಂಟಿಸಿ ತಂದರು: ಚಾಪೆ, ಹಾಡು, ಊಟದ ತಟ್ಟೆ, ಮನೆಯ ಬಾಗಿಲು. ಒಂದು ಮುಗಿದ ಮೇಲೆ ಅದನ್ನು ಅವನೇ ಮಗುಚಿ ಹಾಕಬೇಕು. ಮುಂದೇನು ಎಂಬುದು ಕಣ್ಣಿಗೆ ಕಂಡ ಮೇಲೆ ಅವನ ಅರ್ಧ ಹೆದರಿಕೆ ಕಳೆಯಿತು. ಕೆಲವು ದಿನಗಳಲ್ಲಿ ಉಳಿದ ಮಕ್ಕಳೂ ಆ ರಟ್ಟನ್ನು ನೋಡಿಯೇ ‘ಟೀಚರ್, ಈಗ ಊಟ’ ಎನ್ನತೊಡಗಿದರು.

ತೀರ್ಥಹಳ್ಳಿಯ ಅಮ್ಮ

ಎಲ್ಲರೂ ಒಳ್ಳೆಯ ಮಾತನ್ನೇ ಬರೆದಿದ್ದೀರಿ. ಆದರೆ ‘ಬೇಗ ಆರಂಭಿಸಿ’ ಎಂದು ಹೇಳುವವರು ಅದನ್ನು ಯಾರು ಆರಂಭಿಸಬೇಕು ಎಂಬುದನ್ನೂ ಹೇಳಬೇಕು. ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಬಾರದ ಸ್ಥಿತಿ. ಈಗ ಐದು ವರ್ಷ. ಒಂದೂವರೆ ವರ್ಷದಲ್ಲಿಯೇ ಗೊತ್ತಾಯಿತು, ಆ ಮಟ್ಟಿಗೆ ನಾವು ತಡಮಾಡಲಿಲ್ಲ. ನಮ್ಮ ಮನೆಯಿಂದ ತೀರ್ಥಹಳ್ಳಿಗೆ ಬಂದು, ಅಲ್ಲಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರು ಹೋಗಿ, ಅರ್ಧ ಗಂಟೆ ಫಿಸಿಯೋಥೆರಪಿ ಮಾಡಿಸಿ ಹಿಂದಿರುಗಿದರೆ ದಿನವೇ ಮುಗಿಯುತ್ತದೆ. ಶಕ್ತಿ ಯೋಜನೆ ಇದೆಯಲ್ಲ ಎಂದು ಬೆಂಗಳೂರಿನ ನೆಂಟರು ಹೇಳುತ್ತಾರೆ. ನಮ್ಮ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು, ಅದರಲ್ಲಿ ಉಚಿತವೆಲ್ಲಿಯದು?

ಹಾಗಾಗಿ ‘ಮನೆಯಲ್ಲಿಯೇ ಮಾಡಿಸಿ’ ಎಂದು ಒಂದು ಕಡೆ ಹಾಳೆಯೊಂದನ್ನು ಕೊಟ್ಟರು. ಅದರಲ್ಲಿ ಹದಿನಾಲ್ಕು ವ್ಯಾಯಾಮಗಳು, ದಿನಕ್ಕೆ ಮೂರು ಬಾರಿ, ಪೂರ್ತಿ ಇಂಗ್ಲಿಷಿನಲ್ಲಿ. ಕೊನೆಕೊಯ್ಲಿನ ಕಾಲದಲ್ಲಿ ನಮ್ಮ ಮನೆಯಲ್ಲಿ ಆಳುಗಳಿಗೆ ಅಡುಗೆ ಮಾಡಿ, ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯಲು ಕುಳಿತುಕೊಳ್ಳುವವಳು ನಾನೇ. ಮುಂದಿನ ಭೇಟಿಯಲ್ಲಿ ‘ಮನೆಯಲ್ಲಿ ಸರಿಯಾಗಿ ಮಾಡಿಸಿಲ್ಲ’ ಎಂದು ಎಲ್ಲರೆದುರು ಹೇಳಿಸಿಕೊಂಡವಳೂ ನಾನೇ. ಮಗುವಿನ ಅಪ್ಪನನ್ನು ಯಾರೂ ಆ ಪ್ರಶ್ನೆ ಕೇಳಲಿಲ್ಲ. ಆಮೇಲೆ ಐದು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ. ತಪ್ಪೆಂದು ಗೊತ್ತಿದೆ.

ವಿಶೇಷ ಶಿಕ್ಷಕಿ, ಸಾಗರ

ತಪ್ಪು ನಿಮ್ಮದಲ್ಲ. ಹದಿನಾಲ್ಕು ವ್ಯಾಯಾಮಗಳ ಹಾಳೆ ಕೊಟ್ಟವರಿಗೆ ನಿಮ್ಮ ಮನೆಯ ದಿನ ಹೇಗೆ ಸಾಗುತ್ತದೆ ಎಂದು ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಮೊದಮೊದಲು ನಾನೂ ಅಂತಹ ಹಾಳೆಗಳನ್ನು ಬರೆದುಕೊಟ್ಟವಳೇ, ಆದ್ದರಿಂದ ಈ ಮಾತನ್ನು ಬೇರೆಯವರ ಮೇಲೆ ಹೊರಿಸಿ ಜಾರಿಕೊಳ್ಳುವುದಿಲ್ಲ.

ಮನೆಯಲ್ಲಿ ಕಲಿಸುವ ಪದ್ಧತಿಗೆ ಹೆಸರಾದ ‘ಪೋರ್ಟೇಜ್’ ಕಾರ್ಯಕ್ರಮ 1969ರಲ್ಲಿ ಆರಂಭವಾದದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಹಳ್ಳಿಗಾಡಿನಲ್ಲಿ. ನಮ್ಮಲ್ಲಿಯ ಹಾಗೆಯೇ ಅಲ್ಲಿಯೂ ಮನೆಗಳು ಚದುರಿ ಹೋಗಿದ್ದವು, ಎಳೆಯ ಮಕ್ಕಳನ್ನು ದಿನವೂ ಒಂದು ಕೇಂದ್ರಕ್ಕೆ ಕರೆತರಲು ಆಗುತ್ತಿರಲಿಲ್ಲ. ಆದರೆ ಅಲ್ಲಿ ಶಿಕ್ಷಕಿಯೇ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದಳು. ಒಂದು ವಾರದಲ್ಲಿ ಮಗು ಕಲಿಯಬಹುದಾದಷ್ಟು ಸಣ್ಣ ಕೆಲಸವನ್ನು ಆರಿಸಿ, ಮಾಡಿ ತೋರಿಸಿ, ತಾಯಿಯಿಂದಲೂ ತನ್ನೆದುರೇ ಮಾಡಿಸಿ ಹೋಗುತ್ತಿದ್ದಳು. ನಾವು ಅದರಿಂದ ‘ಮನೆಯಲ್ಲಿ ಮಾಡಿಸಿ’ ಎಂಬ ತುದಿಯನ್ನು ಮಾತ್ರ ಎತ್ತಿಕೊಂಡು, ಶಿಕ್ಷಕಿ ಮನೆಗೆ ಬರುವ ಬುಡವನ್ನು ಬಿಟ್ಟುಬಿಟ್ಟೆವು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ಮನೆಗೆ ಹೋಗಿ ಕಲಿಸುವ ಬಿಐಇಆರ್‌ಟಿ ಶಿಕ್ಷಕರು ಇದ್ದಾರೆ ನಿಜ, ಆದರೆ ಅವರ ಪಟ್ಟಿ ಬಹುತೇಕ ಶಾಲೆಯ ವಯಸ್ಸಿನ ಮಕ್ಕಳದು, ತಾಲೂಕು ದೊಡ್ಡದು. ನಿಮ್ಮ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ.

ಇದ್ದುದರಲ್ಲಿ ಹೇಳುವುದಾದರೆ, ಹದಿನಾಲ್ಕನ್ನು ಬಿಡಿ. ಮುಂದಿನ ಭೇಟಿಯಲ್ಲಿ ‘ಮೂರನ್ನು ಮಾತ್ರ ಆರಿಸಿಕೊಡಿ, ನನ್ನ ಕೈಯಿಂದ ಇಲ್ಲಿಯೇ ಮಾಡಿಸಿ ನೋಡಿ’ ಎಂದು ಕೇಳಿ, ಫೋನಿನಲ್ಲಿ ವಿಡಿಯೋ ತೆಗೆದುಕೊಂಡು ಬನ್ನಿ. ಆ ಮೂರನ್ನು ಬೇರೆ ಹೊತ್ತು ಮಾಡಿಕೊಂಡು ಮಾಡುವ ಬದಲು ಹೇಗೂ ಮಾಡಲೇಬೇಕಾದ ಕೆಲಸಗಳೊಳಗೆ ಸೇರಿಸಿ. ಸ್ನಾನ ಮಾಡಿಸುವಾಗ ಹಂಡೆಯ ಬಿಸಿನೀರಿಗೆ ಬಿಗಿದ ಸ್ನಾಯುಗಳು ಸಡಿಲವಾಗುತ್ತವೆ. ಕೈಕಾಲು ಮೆಲ್ಲನೆ ಚಾಚಿಸುವುದಕ್ಕೆ ಅದೇ ಸರಿಯಾದ ಸಮಯ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಚಾಪೆ ಹಾಸಿ, ಎರಡೂ ಬದಿಗೆ ಹಳೆ ಬಟ್ಟೆ ಸುತ್ತಿದ ದಿಂಬು ಕೊಟ್ಟು ಕೂರಿಸಿದರೆ ಬೆನ್ನಿಗೆ ಆಧಾರವೂ ಆಯಿತು, ನೀವು ಅಡಿಕೆ ಸುಲಿಯುವಾಗ ಅವಳ ಕಣ್ಣೆದುರಿಗೆ ಇದ್ದಂತೆಯೂ ಆಯಿತು. ಊಟವನ್ನು ಮಾತ್ರ ಎಂದಿಗೂ ಮಲಗಿಸಿ ಮಾಡಿಸಬೇಡಿ. ತಲೆ ಹಿಂದಕ್ಕೆ ವಾಲಿದ್ದಾಗ ಗಂಜಿ ಶ್ವಾಸನಾಳಕ್ಕೆ ಹೋಗಿ ಮತ್ತೆ ಮತ್ತೆ ನ್ಯುಮೋನಿಯಾ ಆಗುತ್ತದೆ. ಬೆನ್ನು ನೆಟ್ಟಗೆ, ಗದ್ದ ತುಸು ಕೆಳಗೆ, ಚಮಚ ಮುಂದಿನಿಂದ. ಇದನ್ನು ಅಪ್ಪನಿಗೂ ಕಲಿಸಿ, ರಾತ್ರಿಯ ಊಟ ಅವರ ಪಾಲಿಗಿರಲಿ.

ಹೊಸನಗರದ ತಾಯಿಗೆ: ಪರೀಕ್ಷೆಯ ದಿನ ಬರುವವರೆಗೂ ಎರಡು ಕೆಲಸ ಮಾಡಬಹುದು. ಮಗನಿಗೆ ಏನೇ ಇದ್ದರೂ ಇವುಗಳಿಂದ ನಷ್ಟವಿಲ್ಲ. ಬೆಲ್ಲವನ್ನು ಒಳಗಿನದು ಕಾಣುವಂತಹ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಅವನಿಂದ ತೆರೆಯಲಾಗದಷ್ಟು ಮುಚ್ಚಳ ಬಿಗಿ ಮಾಡಿ. ಅವನು ನಿಮ್ಮ ಕೈ ಎಳೆದಾಗ ಕೆಳಗೆ ಕುಳಿತು ನಿಮ್ಮ ಮುಖವನ್ನು ಅವನ ಮುಖದ ಮಟ್ಟಕ್ಕೆ ತಂದು, ಡಬ್ಬಿಯನ್ನು ಗಲ್ಲದ ಹತ್ತಿರ ಹಿಡಿದು, ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಒಂದು ನೋಟ, ಒಂದು ಸದ್ದು, ಡಬ್ಬಿ ಮುಟ್ಟುವ ಬೆರಳು, ಯಾವುದು ಬಂದರೂ ‘ಬೆಲ್ಲ’ ಎಂದು ಒಂದೇ ಪದ ಹೇಳಿ ಚೂರು ಕೊಡಿ. ‘ಬೆಲ್ಲ ಅನ್ನು, ಅಂದರೆ ಕೊಡುತ್ತೇನೆ’ ಎಂದು ಅಳುವವರೆಗೆ ಸತಾಯಿಸಬಾರದು. ಎರಡನೆಯದು, ಅಡಿಕೆ ಹಾಳೆಯ ಮೇಲೆ ಕೂರಿಸಿ ಅಂಗಳದಲ್ಲಿ ಎಳೆಯುವುದು. ನಾವೆಲ್ಲ ಆಡಿದ ಆಟವೇ. ಸ್ವಲ್ಪ ದೂರ ಎಳೆದು ಥಟ್ಟನೆ ನಿಲ್ಲಿಸಿ, ಅವನ ಕಡೆ ತಿರುಗಿ ಕಾಯಿರಿ. ಎಳೆಯುವುದು ಎಲ್ಲರಿಗೂ ಬರುತ್ತದೆ. ಕಾಯುವುದೇ ಕಷ್ಟ, ಅಷ್ಟರಲ್ಲಿ ನಾವೇ ಬಾಯಿ ಹಾಕಿಬಿಡುತ್ತೇವೆ. ‘ಇನ್ನೂ ಬೇಕು’ ಎಂದು ಅವನು ತನ್ನ ರೀತಿಯಲ್ಲಿ ಹೇಳುವ ಅವಕಾಶ ಆ ನಿಲುಗಡೆಯಲ್ಲಿದೆ.

ವಿಆರ್‌ಡಬ್ಲ್ಯೂ

ನಾನು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಆರು ವರ್ಷದ ಪ್ರಶ್ನೆಗೆ ಉತ್ತರಿಸುತ್ತೇನೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಇಪ್ಪತ್ತೊಂದು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ; ಅದರ 31ನೇ ಪ್ರಕರಣದ ಪ್ರಕಾರ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ ಮಗುವಿಗೆ ಉಚಿತ ಶಿಕ್ಷಣದ ಹಕ್ಕು 6ರಿಂದ 18 ವರ್ಷದವರೆಗೆ. ಆರಕ್ಕಿಂತ ಮೊದಲಿನ ಶಿಕ್ಷಣ ಸಂವಿಧಾನದ 45ನೇ ವಿಧಿಯಲ್ಲಿದೆ, ಆದರೆ ಅಲ್ಲಿ ರಾಜ್ಯವು ‘ಪ್ರಯತ್ನಿಸಬೇಕು’ ಎಂದಿದೆಯೇ ಹೊರತು ಮಗುವಿನ ಹಕ್ಕು ಎಂದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಬುನಾದಿ ಹಂತವನ್ನು ಮೂರನೆಯ ವರ್ಷದಿಂದ ಎಣಿಸಿದರೂ ನೀತಿಯು ಕಾನೂನಲ್ಲ. ನೀವು ಕೇಳಿದ ‘ಆರು ವರ್ಷ’ ಬಂದದ್ದು ಇಲ್ಲಿಂದ. ಅದು ಹಕ್ಕಿನ ಲೆಕ್ಕ, ಕಲಿಕೆಯ ಲೆಕ್ಕವಲ್ಲ. ತಪಾಸಣೆ, ತರಬೇತಿ, ಅಂಗನವಾಡಿ ಇವುಗಳಿಗೆ ಅಂಗವೈಕಲ್ಯದ ಪ್ರಮಾಣಪತ್ರವೂ ಬೇಕಿಲ್ಲ.

ಪ್ರಮಾಣಪತ್ರ ಮತ್ತು ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು ಬೇಕಾಗುವುದು ಮಾಸಾಶನ, ಬಸ್ ಪಾಸ್, ವಿಮೆಗಳಿಗೆ. ಎಳೆಯ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟು ಮುಂದೆ ಮರುಪರೀಕ್ಷೆ ಮಾಡುತ್ತಾರೆ, ಆದ್ದರಿಂದ ‘ಒಮ್ಮೆ ಬರೆಸಿದರೆ ಜೀವಮಾನದ ಹಣೆಪಟ್ಟಿ’ ಎಂದು ಹಿಂಜರಿಯಬೇಡಿ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಆರೋಗ್ಯ ವಿಮೆಯಡಿ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲು ಉಂಟು. ಕಿವಿಯ ದೋಷವೊಂದೇ ಇದ್ದವರಿಗೆ ಇದು ಅನ್ವಯಿಸುವುದಿಲ್ಲ. ಸಾರಿಗೆ ನಿಗಮದ ರಿಯಾಯಿತಿ ಪಾಸು ವಾಸಸ್ಥಳದಿಂದ ನೂರು ಕಿಲೋಮೀಟರಿನವರೆಗೆ ನಡೆಯುತ್ತದೆ, ಆದರೆ ತೀರ್ಥಹಳ್ಳಿಯ ಅಕ್ಕ ಹೇಳಿದಂತೆ ಸರ್ಕಾರಿ ಬಸ್ಸು ಬರುವ ಊರಿಗೆ ಮಾತ್ರ ಅದು ಪಾಸು. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇಕಡ ಐದನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಈ ಹಣದಿಂದ ಮೂಲೆ ಕುರ್ಚಿಯಂತಹ ಸಾಧನ ಕೊಡಿಸಿ ಎಂದು ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಅರ್ಜಿ ಕೊಡಿ. ಯಾರೂ ಕೇಳದಿದ್ದರೆ ವರ್ಷದ ಕೊನೆಗೆ ಆ ಹಣ ಎಲ್ಲೆಲ್ಲಿಗೋ ಹೊಂದಾಣಿಕೆಯಾಗುವುದನ್ನು ನಾನೇ ಕಂಡಿದ್ದೇನೆ.

ತೀರ್ಥಹಳ್ಳಿಯ ಅಮ್ಮ

ಮೂಲೆಯಲ್ಲಿ ಕೂರಿಸಿ ನೋಡಿದೆ. ಹತ್ತು ನಿಮಿಷ ಕುಳಿತಳು, ಆಮೇಲೆ ಎಡಕ್ಕೆ ವಾಲಿದಳು. ದಿಂಬು ಇನ್ನಷ್ಟು ಬಿಗಿ ಬೇಕು. ರಾತ್ರಿಯ ಊಟದ ಮಾತು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಹೊಸನಗರದ ತಾಯಿ

ಎಲ್ಲರಿಗೂ ಧನ್ಯವಾದ. ಉತ್ತರಿಸಲು ಏಳು ವಾರ ತಡವಾಯಿತು. ಪರೀಕ್ಷೆ ಆಯಿತು. ಕಾನುಮನೆಯವರ ಮಾತು ನೆನಪಿಟ್ಟು ಬಸ್ಸಿನಲ್ಲಿ ನಿದ್ದೆ ಮಾಡದಂತೆ ನೋಡಿಕೊಂಡೆವು. ಎರಡೂ ಕಿವಿ ಸರಿಯಾಗಿವೆ ಎಂದು ತಿಳಿಯಿತು. ನನಗೆ ಸಮಾಧಾನವಾಯಿತೋ, ಹೆದರಿಕೆ ಹೆಚ್ಚಿತೋ ಹೇಳಲಾರೆ. ಬೆಳವಣಿಗೆಯ ತಪಾಸಣೆಗೆ ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ. ಅಂಗನವಾಡಿಯಲ್ಲಿ ಹೆಸರು ಬರೆಸಿದ್ದೇನೆ.

ಬೆಲ್ಲದ ಡಬ್ಬಿಯನ್ನು ಮೊದಲ ಎರಡು ದಿನ ಎಸೆದ. ಈಗ ಡಬ್ಬಿ ನೋಡಿ ಒಮ್ಮೆ, ನನ್ನನ್ನು ನೋಡಿ ಒಮ್ಮೆ ‘ಬ್’ ಎನ್ನುವಂತಹ ಸದ್ದು ಮಾಡುತ್ತಾನೆ. ಅದು ಬೆಲ್ಲವೋ ಸುಮ್ಮನೆಯೋ ಗೊತ್ತಿಲ್ಲ, ನಾನಂತೂ ಬೆಲ್ಲ ಎಂದೇ ಎಣಿಸಿ ಕೊಡುತ್ತಿದ್ದೇನೆ. ಹಾಳೆ ಎಳೆಯುವ ಕೆಲಸವನ್ನು ಮಾವನವರು ವಹಿಸಿಕೊಂಡಿದ್ದಾರೆ. ನಿಲ್ಲಿಸಿ ಕಾಯಬೇಕು ಎಂದು ಹೇಳಿದರೆ ‘ಇದೆಂಥ ಆಟ’ ಎಂದು ನಕ್ಕಿದ್ದರು. ಮೊನ್ನೆ ಸಂಜೆ ಎಳೆದೆಳೆದು ಸುಸ್ತಾಗಿ ತುಳಸಿಕಟ್ಟೆಯ ಹತ್ತಿರ ಕುಳಿತುಬಿಟ್ಟರಂತೆ. ಮಗು ಹಾಳೆಯಿಂದ ಎದ್ದು ಬಂದು, ಅವರ ಮೊಣಕಾಲಿನ ಮೇಲೆ ಕೈಯಿಟ್ಟು, ಮುಖ ನೋಡಿ, ಹಿಂದಕ್ಕೆ ಹೋಗಿ ಹಾಳೆಯ ಮೇಲೆ ಕುಳಿತಿತಂತೆ. ಇದನ್ನು ಅವರು ನಮಗೆ ಆರು ಸಲ ಹೇಳಿದ್ದಾರೆ, ಹಾಲು ತೆಗೆದುಕೊಂಡು ಹೋಗಲು ಬಂದವರಿಗೂ ಹೇಳಿದರು.

ಮೇಡಂ, ಇನ್ನು ಮಳೆ ಹಿಡಿಯುತ್ತದೆ. ಅಂಗಳದಲ್ಲಿ ಎಳೆಯಲು ಆಗುವುದಿಲ್ಲ. ಜಗಲಿಯ ಮೇಲೆ ಎಳೆದರೆ ಆದೀತೇ?

ವಿಶೇಷ ಶಿಕ್ಷಕಿ, ಸಾಗರ

ಧಾರಾಳವಾಗಿ ಆಗುತ್ತದೆ. ಮೆಟ್ಟಿಲಿನ ಕಡೆ ಒಬ್ಬರು ಕುಳಿತಿರಲಿ, ಹಾಳೆಯನ್ನು ಮೊದಲು ಬೂಷ್ಟು ಇಲ್ಲದಂತೆ ಒರೆಸಿಕೊಳ್ಳಿ. ತಪಾಸಣೆಗೆ ಹೋಗುವಾಗ ಮಾವನವರನ್ನೂ ಕರೆದುಕೊಂಡು ಹೋಗಿ. ಮೊಣಕಾಲಿನ ವಿಷಯವನ್ನು ಅಲ್ಲಿ ಅವರ ಬಾಯಿಂದಲೇ ಹೇಳಿಸಿ.